ಹಳೆಯ ಮಿಲಿಟರಿ ಟ್ರಕ್ಕುಗಳು: ಇತಿಹಾಸ, ಚಾಲನೆ ಮತ್ತು ಸಂರಕ್ಷಣೆ

ಸೈನ್ಯದ ಸೇವೆಯಿಂದ ನಿವೃತ್ತಿ ಹೊಂದಿದ ಭಾರೀ ಟ್ರಕ್ಕುಗಳು ದಕ್ಷಿಣ ಭಾರತದ ಗ್ರಾಮಾಂತರ ಪ್ರದೇಶಗಳಿಗೆ ಹೊಸವಲ್ಲ. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಹರಾಜಿನಲ್ಲಿ ಮಾರಾಟವಾದ ವಾಹನಗಳಿಂದ ಆರಂಭಿಸಿ ಜಬಲ್‌ಪುರದಲ್ಲಿ ತಯಾರಾದ ಶಕ್ತಿಮಾನ್‌ವರೆಗೆ ಅನೇಕ ಬಗೆಯ ಮಿಲಿಟರಿ ಟ್ರಕ್ಕುಗಳು ನಾಗರಿಕರ ಕೈಸೇರಿ, ಪಶ್ಚಿಮ ಘಟ್ಟದ ಮರದ ದಿಮ್ಮಿಗಳನ್ನು ಹೊತ್ತು ಬದುಕಿವೆ. ಈಗ ಅವು ಒಂದೊಂದಾಗಿ ಗುಜರಿಗೆ ಸೇರುತ್ತಿವೆ. ಅವನ್ನು ಓಡಿಸಬಲ್ಲ, ಬಿಚ್ಚಿ ಜೋಡಿಸಬಲ್ಲ ಹಿರಿಯರೂ ವಿರಳರಾಗುತ್ತಿದ್ದಾರೆ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಕುಟುಂಬಗಳಿಗೂ ವಿದ್ಯಾರ್ಥಿಗಳಿಗೂ ಉಪಯುಕ್ತವಾಗಬಹುದಾದ ಮಾಹಿತಿಯನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಯುದ್ಧಕಾಲದ ವಾಹನಗಳು

1939ರಿಂದ 1945ರವರೆಗಿನ ಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಸೈನ್ಯಗಳಿಗೆ ವಾಹನಗಳನ್ನು ಒದಗಿಸಿದ ಪ್ರಮುಖ ದೇಶ ಕೆನಡಾ. ಫೋರ್ಡ್ ಮತ್ತು ಷೆವ್ರೊಲೆ ಸೇರಿದಂತೆ ಅಲ್ಲಿನ ಕಾರ್ಖಾನೆಗಳು 8 ಲಕ್ಷಕ್ಕೂ ಅಧಿಕ ಮಿಲಿಟರಿ ವಾಹನಗಳನ್ನು ತಯಾರಿಸಿದವು. ಭಾರತಕ್ಕೂ ಬರ್ಮಾ ರಣರಂಗಕ್ಕೂ ಬಂದ ಟ್ರಕ್ಕುಗಳಲ್ಲಿ ಇವುಗಳ ಪಾಲು ದೊಡ್ಡದು. ಎಂಜಿನಿನ ಮೇಲೆಯೇ ಚಾಲಕನ ಕೋಣೆ ಬಂದಿರುವುದರಿಂದ ಇವುಗಳ ಮುಖ ಮೊಂಡಾಗಿ ಕಾಣುತ್ತದೆ. ಇವುಗಳ ಒಂದು ಮಾದರಿಯಲ್ಲಿ ಮುಂಗನ್ನಡಿಯ ಮೇಲಂಚು ಮುಂದಕ್ಕೆ ಬಾಗಿದೆ. ಆಕಾಶದಲ್ಲಿ ಹಾರುವ ಶತ್ರುವಿಮಾನಕ್ಕೆ ಗಾಜಿನ ಹೊಳಪು ಕಾಣದಿರಲೆಂದು ಮಾಡಿದ ವ್ಯವಸ್ಥೆ ಅದು. ಕೆನಡಾದ ಇಂತಹ ಫೋರ್ಡ್ ಚಾಸಿಗಳ ಮೇಲೆಯೇ ಭಾರತದಲ್ಲಿ ಕವಚದ ಗಾಡಿಗಳೂ ತಯಾರಾದವು. ಅಮೆರಿಕದ ಜಿ.ಎಂ.ಸಿ. ಮತ್ತು ಸ್ಟುಡಿಬೇಕರ್ ಸಂಸ್ಥೆಗಳ ಆರು ಚಕ್ರ ಚಾಲನೆಯ ಟ್ರಕ್ಕುಗಳೂ ಇದೇ ಕಾಲದವು.

ಯುದ್ಧಾನಂತರ ಹೆಚ್ಚುವರಿ ವಾಹನಗಳನ್ನು ಸರಕಾರ ಮಾರಿತು. ರಸ್ತೆಯೇ ಇಲ್ಲದ ಕಾಡಿನೊಳಗೆ ಇಳಿದು, ಹಗ್ಗದ ರಾಟೆಯಿಂದ ದಿಮ್ಮಿಗಳನ್ನು ಎಳೆದು ಹೇರಲು ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಇಂತಹ ಗಾಡಿಗಿಂತ ಯೋಗ್ಯವಾದುದು ಆಗ ಬೇರೊಂದಿರಲಿಲ್ಲ. ಮಲೆನಾಡು, ದಕ್ಷಿಣ ಕನ್ನಡ ಮತ್ತು ಕೇರಳದ ಮರದ ವ್ಯಾಪಾರದಲ್ಲಿ ಇವು ದಶಕಗಳ ಕಾಲ ದುಡಿದವು. ಮೂಲ ಪೆಟ್ರೋಲ್ ಎಂಜಿನುಗಳು ಸವೆದಾಗ ಮಾಲೀಕರು ಡೀಸೆಲ್ ಎಂಜಿನುಗಳನ್ನು ಕೂರಿಸಿ ಅವುಗಳ ಆಯುಸ್ಸನ್ನು ವೃದ್ಧಿಸಿದರು.

ಜಬಲ್‌ಪುರದ ಶಕ್ತಿಮಾನ್

ಸ್ವತಂತ್ರ ಭಾರತದ ಸೈನ್ಯಕ್ಕೆ ತನ್ನದೇ ಟ್ರಕ್ಕು ಬೇಕೆಂಬ ಚಿಂತನೆ ವಿ. ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದ ಕಾಲದಲ್ಲಿ ಕಾರ್ಯರೂಪಕ್ಕೆ ಬಂತು. ಜರ್ಮನಿಯ ಮಾನ್ ಸಂಸ್ಥೆಯ ಪರವಾನಗಿಯೊಂದಿಗೆ ಜಬಲ್‌ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ 1959ರಲ್ಲಿ ಶಕ್ತಿಮಾನ್ ಟ್ರಕ್ಕಿನ ತಯಾರಿ ಮೊದಲಾಯಿತು. ಆರು ಸಿಲಿಂಡರಿನ ಡೀಸೆಲ್ ಎಂಜಿನ್, ಉದ್ದನೆಯ ಮೂತಿ, ನಾಲ್ಕು ಚಕ್ರಗಳ ಚಾಲನೆ ಇವು ಅದರ ಲಕ್ಷಣಗಳು. ಒಳ್ಳೆಯ ರಸ್ತೆಯಲ್ಲಿ 5 ಟನ್ನು, ರಸ್ತೆಯಿಲ್ಲದ ನೆಲದಲ್ಲಿ 3 ಟನ್ನು ಹೊರುವ ಸಾಮರ್ಥ್ಯ ಅದಕ್ಕಿತ್ತು. 1969ರಲ್ಲಿ ಜಬಲ್‌ಪುರದಲ್ಲಿಯೇ ಪ್ರತ್ಯೇಕ ವಾಹನ ಕಾರ್ಖಾನೆ ಸ್ಥಾಪನೆಗೊಂಡಿತು. ಶಕ್ತಿಮಾನ್ 1990ರ ದಶಕದವರೆಗೂ ತಯಾರಾಯಿತು. ನಿಸ್ಸಾನ್ ಪರವಾನಗಿಯ ಒಂದು ಟನ್ನಿನ ಕ್ಯಾರಿಯರ್ ಮತ್ತು ಜೋಂಗಾ ಅದರ ಒಡಹುಟ್ಟುಗಳು. ‘ಜೋಂಗಾ’ ಎಂಬುದು ಜಬಲ್‌ಪುರದ ಕಾರ್ಖಾನೆಗಳ ಇಂಗ್ಲಿಷ್ ಹೆಸರಿನ ಅಕ್ಷರಗಳಿಂದ ಹುಟ್ಟಿದ ಪದ.

ಶಕ್ತಿಮಾನ್‌ನ ಸ್ಥಾನಕ್ಕೆ ಬಂದುದು ಅಶೋಕ್ ಲೇಲ್ಯಾಂಡ್ ಸಂಸ್ಥೆಯ ಸ್ಟ್ಯಾಲಿಯನ್. ಅದಕ್ಕೂ ಭಾರವಾದ ಕೆಲಸಗಳಿಗೆ ಬೆಂಗಳೂರಿನ ಬಿ.ಇ.ಎಂ.ಎಲ್. ಸಂಸ್ಥೆ 1986ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದೊಡನೆ ಒಪ್ಪಂದ ಮಾಡಿಕೊಂಡು ಟಾಟ್ರಾ ಟ್ರಕ್ಕುಗಳನ್ನು ತಂದಿತು. ಬೆನ್ನೆಲುಬಿನಂತಹ ಒಂದೇ ಉಕ್ಕಿನ ಕೊಳವೆ, ಅದರಿಂದ ಎರಡೂ ಬದಿಗೆ ಸ್ವತಂತ್ರವಾಗಿ ತೂಗುವ ಅರ್ಧ ಅಚ್ಚುಗಳು, ನೀರಿಲ್ಲದೆ ಗಾಳಿಯಿಂದಲೇ ತಣಿಯುವ ಎಂಜಿನ್ ಇವು ಟಾಟ್ರಾದ ವೈಶಿಷ್ಟ್ಯ. ಈ ಕೊಳವೆಯ ಚಾಸಿಯ ಕಲ್ಪನೆ 1923ರಷ್ಟು ಹಳೆಯದು. ಬಿ.ಇ.ಎಂ.ಎಲ್. ಸಂಸ್ಥೆಯ ಒಂದು ಕಾರ್ಖಾನೆ ಕೊಯಮತ್ತೂರಿನಿಂದ ವಾಳಯಾರು ದಾಟಿದರೆ ಸಿಗುವ ಪಾಲಕ್ಕಾಡಿನ ಕಂಜಿಕೋಡಿನಲ್ಲಿದೆ.

ಈ ಸೀಮೆಗೂ ಟ್ರಕ್ಕುಗಳಿಗೂ ಇರುವ ನಂಟು

ಕೊಯಮತ್ತೂರು ಯಂತ್ರಗಳ ಊರು. ಜಿ. ಡಿ. ನಾಯ್ಡು ಅವರು 1920ರಲ್ಲಿ ಪೊಳ್ಳಾಚಿ ಮತ್ತು ಪಳನಿಯ ನಡುವೆ ಒಂದು ಬಸ್ಸಿನೊಂದಿಗೆ ಆರಂಭಿಸಿದ ಸಾರಿಗೆ ಉದ್ಯಮ ಮುಂದೆ ದೊಡ್ಡದಾಗಿ ಬೆಳೆಯಿತು. ಎರಕದ ಮನೆ, ಲೇತು, ಪಂಪುಸೆಟ್ಟು, ನೂಲಿನ ಗಿರಣಿಯ ಬಿಡಿಭಾಗ ಇವುಗಳಲ್ಲಿ ಪಳಗಿದ ಸಣ್ಣ ಕಾರ್ಖಾನೆಗಳು ಇಲ್ಲಿ ಅಸಂಖ್ಯ. ಹಳೆಯ ಟ್ರಕ್ಕನ್ನು ಉಳಿಸಿಕೊಳ್ಳುವವನಿಗೆ ಇದೇ ದೊಡ್ಡ ಆಸರೆ. ಏಕೆಂದರೆ ಕಂಪನಿಯಲ್ಲಿ ಸಿಗದ ಬುಷ್ಷು, ಪಿನ್ನು, ಗೇರಿನ ಚಕ್ರ, ನೀರಿನ ಪಂಪಿನ ಮೈ ಮುಂತಾದವನ್ನು ಮಾದರಿ ನೋಡಿ ಮಾಡಿಕೊಡಬಲ್ಲ ಕೈಗಳು ಇಲ್ಲಿವೆ.

ಸೂಲೂರಿನ ವಾಯುಪಡೆ ನೆಲೆ, ಮದುಕ್ಕರೈಯ ಸೇನಾ ಶಿಬಿರ, ಮೆಟ್ಟುಪಾಳಯದ ದಾರಿಯಲ್ಲಿ ಕೂನೂರಿನ ವೆಲ್ಲಿಂಗ್‌ಟನ್ನಿನ ಮದ್ರಾಸ್ ರೆಜಿಮೆಂಟಿನ ಕೇಂದ್ರ ಇವುಗಳಿಂದಾಗಿ ಮಿಲಿಟರಿ ಟ್ರಕ್ಕು ಇಲ್ಲಿನ ಮಕ್ಕಳಿಗೆ ನಿತ್ಯ ಪರಿಚಿತ ದೃಶ್ಯ. ಅವಿನಾಶಿ ರಸ್ತೆಯ ಜೀಡಿ ಕಾರ್ ಮ್ಯೂಸಿಯಂ 2015ರಿಂದ ಹಳೆಯ ಮೋಟಾರು ವಾಹನಗಳನ್ನು ಪ್ರದರ್ಶಿಸುತ್ತಿದೆ. ವಾಹನ ಸಂರಕ್ಷಣೆ ಎಂದರೇನೆಂದು ತಿಳಿಯಬಯಸುವ ಶಾಲಾ ತಂಡಗಳಿಗೆ ಇದು ಹತ್ತಿರದ ಪಾಠಶಾಲೆ. ಮಡಿಕೇರಿಯಲ್ಲಿ 2021ರಲ್ಲಿ ಉದ್ಘಾಟನೆಗೊಂಡ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಯುದ್ಧ ಟ್ಯಾಂಕು ಮತ್ತು ವಿಮಾನವನ್ನು ಕಾಣಬಹುದು. ಟ್ಯಾಂಕಿಗೂ ವಿಮಾನಕ್ಕೂ ಸ್ಮಾರಕದ ಗೌರವ ಸುಲಭವಾಗಿ ದೊರೆಯುತ್ತದೆ. ಅವುಗಳಿಗೆ ಅನ್ನ, ನೀರು, ಮದ್ದುಗುಂಡು ಹೊತ್ತು ತಂದ ಟ್ರಕ್ಕಿಗೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲ.

ಚಾಲನೆಯ ಕ್ರಮ

ಇಂದಿನ ಲಾರಿಯನ್ನು ಓಡಿಸಬಲ್ಲವರೆಲ್ಲರೂ ಹಳೆಯ ಟ್ರಕ್ಕನ್ನು ಓಡಿಸಲಾರರು. ಮುಖ್ಯ ವ್ಯತ್ಯಾಸ ಗೇರಿನಲ್ಲಿದೆ. ಈಗಿನ ಗೇರು ಪೆಟ್ಟಿಗೆಯಲ್ಲಿ ಎರಡು ಚಕ್ರಗಳ ವೇಗವನ್ನು ಸಮಗೊಳಿಸುವ ಉಂಗುರಗಳಿರುತ್ತವೆ. ಯುದ್ಧಕಾಲದ ಟ್ರಕ್ಕುಗಳಲ್ಲಿ ಅವು ಇಲ್ಲ. ಆ ಸಮಗೊಳಿಸುವಿಕೆಯನ್ನು ಚಾಲಕನೇ ಮಾಡಬೇಕು. ಕೆಳಗಿನ ಗೇರಿಗೆ ಬರುವಾಗ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತರಬೇಕು. ಕ್ಲಚ್ ಬಿಟ್ಟು ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ಎಂಜಿನಿನ ವೇಗ ಏರಿಸಬೇಕು. ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರಿಗೆ ಸೇರಿಸಬೇಕು. ಹಿರಿಯ ಚಾಲಕರು ಇದನ್ನು ‘ಡಬಲ್ ಕ್ಲಚ್’ ಎನ್ನುತ್ತಾರೆ. ವೇಗ ಹೊಂದಿದರೆ ಗೇರು ಸದ್ದಿಲ್ಲದೆ ಕೂರುತ್ತದೆ; ಹೊಂದದಿದ್ದರೆ ಹಲ್ಲು ಕಡಿಯುವ ಸದ್ದು ಕೇಳಿಸುತ್ತದೆ.

ಇಳಿಜಾರಿನಲ್ಲಿ ಈ ವಿದ್ಯೆ ಪ್ರಾಣರಕ್ಷಕ. ಸತ್ಯಮಂಗಲದಿಂದ ಬಣ್ಣಾರಿ ದಾಟಿ ಹಾಸನೂರು, ಚಾಮರಾಜನಗರಕ್ಕೆ ಹೋಗುವ ದಿಂಬಂ ಘಟ್ಟದಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ವಾಲ್ಪಾರೈ ಘಟ್ಟದಲ್ಲಿ 40. ಯಾವ ಗೇರಿನಲ್ಲಿ ಘಟ್ಟ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಹಳೆಯ ನಿಯಮ. ಇಳಿಯುವ ಮಧ್ಯೆ ಗೇರು ಬದಲಿಸಲು ಹೋಗಿ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡರೆ ಎಂಜಿನಿನ ಹಿಡಿತ ತಪ್ಪಿ, ಸಂಪೂರ್ಣ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಕಾದ ಬ್ರೇಕು ಹಿಡಿಯುವುದಿಲ್ಲ. ಅನೇಕ ಹಳೆಯ ವಾಹನಗಳಲ್ಲಿ ಬ್ರೇಕಿನ ಎಣ್ಣೆಗೆ ಒಂದೇ ಜಾಲವಿರುವುದರಿಂದ ಒಂದು ಕೊಳವೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. ಗಾಳಿ ಬ್ರೇಕಿನ ಗಾಡಿಯಲ್ಲಿ ಸಾಕಷ್ಟು ಒತ್ತಡ ಏರುವ ಮುನ್ನ ಹೊರಡಬಾರದು. ಟ್ಯಾಂಕಿನಲ್ಲಿ ಸೇರಿದ ನೀರನ್ನು ದಿನವೂ ಹೊರಬಿಡಬೇಕು. ಒಣ ಡಾಂಬರು ರಸ್ತೆಯಲ್ಲಿ ಮುಂದಿನ ಚಕ್ರಗಳ ಚಾಲನೆಯನ್ನು ಸೇರಿಸಿಕೊಂಡು ಓಡಿಸಿದರೆ ತಿರುವುಗಳಲ್ಲಿ ಅಚ್ಚುಗಳ ಮೇಲೆ ಒತ್ತಡ ಬಿದ್ದು ಗೇರುಗಳು ಮುರಿಯಬಹುದು. ದಿಂಬಂ ಘಟ್ಟದಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದನ್ನೂ ಪ್ರಯಾಣಿಕರು ಗಮನಿಸಬೇಕು.

ಸಂರಕ್ಷಣೆಯ ಕ್ರಮ

ನಿಂತ ಗಾಡಿ ಬೇಗ ಹಾಳಾಗುತ್ತದೆ. ತಿಂಗಳಿಗೊಮ್ಮೆಯಾದರೂ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸುವುದು, ಚಕ್ರಗಳನ್ನು ಸ್ವಲ್ಪ ಉರುಳಿಸುವುದು ಕನಿಷ್ಠ ಅಗತ್ಯ. ಡೀಸೆಲ್ ಟ್ಯಾಂಕಿನ ತಳದ ನೀರು ಇಂಜೆಕ್ಷನ್ ಪಂಪಿನ ಶತ್ರು. ಪೆಟ್ರೋಲ್ ಗಾಡಿಗಳಿಗೆ ಈಗ ಹೊಸದೊಂದು ತೊಡಕು ಬಂದಿದೆ: ಶೇಕಡಾ 20ರಷ್ಟು ಎಥನಾಲ್ ಬೆರೆತ ಇಂಧನವು ಹಳೆಯ ರಬ್ಬರಿನ ಕೊಳವೆ ಮತ್ತು ಪಂಪಿನ ಪೊರೆಗಳನ್ನು ತಿನ್ನಬಲ್ಲುದು. ಎಥನಾಲ್ ತಾಳುವ ಕೊಳವೆಗಳನ್ನು ಹಾಕಿಸುವುದು ಸುರಕ್ಷಿತ. ಬ್ಯಾಟರಿ 6 ವೋಲ್ಟಿನದೋ 12ರದೋ 24ರದೋ ಎಂದು ನೋಡದೆ ವಿದ್ಯುತ್ ಸಂಪರ್ಕ ಕೊಡಬಾರದು. ಹಳೆಯ ಬ್ರೇಕು ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಅದರ ಧೂಳನ್ನು ಗಾಳಿಯಿಂದ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ ಚಕ್ರದಲ್ಲಿದೆ. ಕೆನಡಾದ ಯುದ್ಧಕಾಲದ ಟ್ರಕ್ಕುಗಳ ಚಕ್ರ ಎರಡು ಹೋಳುಗಳನ್ನು ಬೋಲ್ಟಿನಿಂದ ಜೋಡಿಸಿ ಮಾಡಿದ್ದು. ಗಾಡಿಯಿಂದ ಚಕ್ರ ಕಳಚುವ ನಟ್ಟುಗಳೇ ಬೇರೆ, ಹೋಳುಗಳನ್ನು ಬಿಗಿದ ನಟ್ಟುಗಳೇ ಬೇರೆ. ಟಯರಿನಲ್ಲಿ ಗಾಳಿಯಿರುವಾಗ ಎರಡನೆಯ ಬಗೆಯದನ್ನು ಸಡಿಲಿಸಿದರೆ ಹೋಳುಗಳು ಸಿಡಿದು ಎದುರಿದ್ದವರ ಜೀವ ತೆಗೆಯುತ್ತವೆ. ಉಂಗುರ ಬಿಗಿದ ಇತರ ಲಾರಿ ಚಕ್ರಗಳಿಗೂ ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕು. ಮಕ್ಕಳನ್ನು ಈ ಕೆಲಸದ ಬಳಿ ಬಿಡಲೇಬಾರದು.

ಎಂಜಿನ್ ಬದಲಾಗಿದ್ದರೆ ಟ್ರಕ್ಕು ‘ಅಸಲಿ’ ಅಲ್ಲವೆಂದು ತಳ್ಳಿಹಾಕುವವರಿದ್ದಾರೆ. ಆದರೆ ಕಾಡಿನಲ್ಲಿ ನಲವತ್ತು ವರ್ಷ ದಿಮ್ಮಿ ಎಳೆದ ಗಾಡಿಗೆ ಡೀಸೆಲ್ ಎಂಜಿನ್ನೂ ರಾಟೆಯೂ ಅದರ ಜೀವನಚರಿತ್ರೆಯ ಭಾಗ. ಅವನ್ನು ಕಿತ್ತು ಹೊಸದಾಗಿ ಸಿಂಗರಿಸುವುದಕ್ಕಿಂತ ಯಾವಾಗ, ಏನು, ಏಕೆ ಬದಲಾಯಿತೆಂದು ಬರೆದಿಡುವುದು ಮೇಲು. ತಯಾರಿಕೆಯ ವಿವರವಿರುವ ಲೋಹದ ಫಲಕವನ್ನು ಎಂದಿಗೂ ಕಳಚಿ ಮಾರಬಾರದು.

ಕಾನೂನಿನ ತೊಡಕುಗಳು

ರಕ್ಷಣಾ ಕಾರ್ಯದ ವಾಹನಗಳಿಗೆ ಮೋಟಾರು ವಾಹನ ಕಾಯಿದೆಯಡಿ ಪ್ರತ್ಯೇಕ ನೋಂದಣಿಯಿದೆ. ಮೇಲ್ಮುಖ ಬಾಣ, ವರ್ಷದ ಎರಡು ಅಂಕಿ, ಬಳಿಕ ಅಕ್ಷರ ಹಾಗೂ ಸಂಖ್ಯೆ ಇರುವ ಫಲಕ ಅದರ ಗುರುತು. ನಾಗರಿಕರ ಕೈಸೇರಿದ ವಾಹನಕ್ಕೆ ಆ ಫಲಕ ಸಲ್ಲದು. ಪ್ರಾದೇಶಿಕ ಸಾರಿಗೆ ಕಚೇರಿಯ ನೋಂದಣಿ ಬೇಕು. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ಯಾವ ವಾಹನಕ್ಕೂ ಆಲಿವ್ ಹಸಿರು ಬಣ್ಣ ಬಳಿಯುವಂತಿಲ್ಲ. ಅಂದರೆ ರಸ್ತೆಗೆ ಇಳಿಸುವ ಹಳೆಯ ಟ್ರಕ್ಕನ್ನು ಅದರ ಮೂಲ ಬಣ್ಣದಲ್ಲಿ ಉಳಿಸಿಕೊಳ್ಳಲು ಸಾಧ್ಯವಿಲ್ಲ.

2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ವಾಹನಕ್ಕೆ ‘ವಿಎ’ ಅಕ್ಷರಗಳ ಫಲಕ, 20,000 ರೂಪಾಯಿ ಶುಲ್ಕಕ್ಕೆ 10 ವರ್ಷಗಳ ನೋಂದಣಿ, ಪ್ರದರ್ಶನ ಮತ್ತು ರ‍್ಯಾಲಿಗಳಿಗೆ ಓಡಿಸುವ ಅವಕಾಶ ಅದರಲ್ಲಿದೆ. ಆದರೆ ಆ ನಿಯಮ ದ್ವಿಚಕ್ರ ವಾಹನ ಮತ್ತು ಕಾರುಗಳ ವರ್ಗಗಳಿಗೆ ಸೀಮಿತ; ಸರಕು ಸಾಗಿಸುವ ಟ್ರಕ್ಕುಗಳ ವರ್ಗ ಅದರಲ್ಲಿಲ್ಲ. ಆದ್ದರಿಂದ 1944ರ ಟ್ರಕ್ಕೂ ನಿನ್ನೆ ಕೊಂಡ ಲಾರಿಯೂ ಕಾನೂನಿನ ದೃಷ್ಟಿಯಲ್ಲಿ ಸರಕು ವಾಹನಗಳೇ. ವರ್ಷವರ್ಷವೂ ಯೋಗ್ಯತಾ ಪರೀಕ್ಷೆಯ ಹೊರೆ ತಪ್ಪದು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ ನವೀಕರಣವೂ ನಿಂತು, ಅವು ಅಧಿಕೃತ ಗುಜರಿ ಕೇಂದ್ರಗಳಿಗೆ ಹೋಗಬೇಕಾಗಿದೆ. ಸೈನ್ಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿಯಿದೆ. ಹೀಗಾಗಿ ಈಗಾಗಲೇ ಖಾಸಗಿ ಕೈಗಳಲ್ಲಿರುವ ಹಳೆಯ ಟ್ರಕ್ಕುಗಳೇ ಉಳಿದಿರುವ ಮುಖ್ಯ ಸಂಪತ್ತು. ಕಾರಿಗೆ ದೊರೆತ ಮಾನ್ಯತೆ ಟ್ರಕ್ಕಿಗೂ ದೊರೆಯಬೇಕೆಂಬುದು ನ್ಯಾಯವಾದ ಬೇಡಿಕೆ.

ಓಡಿಸುವವರಿಗೆ ಭಾರೀ ವಾಹನದ ಪರವಾನಗಿ ಕಡ್ಡಾಯ. ಸಾರಿಗೆ ವಾಹನ ಚಾಲನೆಗೆ 20 ವರ್ಷ ತುಂಬಿರಬೇಕು, ಅದರ ಕಲಿಕಾ ಪರವಾನಗಿಗೆ ಮುನ್ನ ಲಘು ವಾಹನದ ಪರವಾನಗಿ ಪಡೆದು ಒಂದು ವರ್ಷ ಕಳೆದಿರಬೇಕು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಟ್ರಕ್ಕನ್ನು ಕೊಂಡು ಉಳಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನೆನಪನ್ನು ಉಳಿಸಲು ಒಂದು ನೋಟುಪುಸ್ತಕ ಸಾಕು. ದೇವಾಂಗರ ಬೀದಿಯಲ್ಲಾಗಲಿ ಒಕ್ಕಲಿಗರ ಹಳ್ಳಿಯಲ್ಲಾಗಲಿ ಸೈನ್ಯದಲ್ಲಿ ಚಾಲಕರಾಗಿದ್ದ, ಮರದ ಲಾರಿ ಓಡಿಸಿದ, ಎಂಜಿನ್ ಬಿಚ್ಚಿದ ಹಿರಿಯರಿದ್ದರೆ ಮಕ್ಕಳು ಅವರನ್ನು ಕಂಡು ಕೇಳಬೇಕು: ಯಾವ ಗಾಡಿ, ಯಾವ ವರ್ಷ, ಯಾವ ಮಾರ್ಗ? ಯಾವ ಭಾಗ ಪದೇಪದೇ ಕೆಡುತ್ತಿತ್ತು? ಅದನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರು? ಕನ್ನಡ, ತಮಿಳು, ಹಿಂದಿ ಬೆರೆತ ಆ ಗ್ಯಾರೇಜಿನ ಮಾತು ಯಾವ ನಿಘಂಟಿನಲ್ಲಿಯೂ ಇಲ್ಲ. ಉತ್ತರಗಳನ್ನು ಅವರ ಮಾತಿನಲ್ಲಿಯೇ ಬರೆದು, ಹಳೆಯ ಛಾಯಾಚಿತ್ರವಿದ್ದರೆ ಅದರ ಪ್ರತಿ ತೆಗೆದು, ಹಿಂಬದಿಯಲ್ಲಿ ಊರು ಮತ್ತು ವರ್ಷವನ್ನು ನಮೂದಿಸಿ ಶಾಲೆಯ ಗ್ರಂಥಾಲಯದಲ್ಲಿ ಇಡುವುದು ಒಳಿತು. ಗಾಡಿ ಗುಜರಿಗೆ ಹೋದ ಮೇಲೂ ಅದನ್ನು ಓಡಿಸಿದವರ ವಿದ್ಯೆ ನಮ್ಮ ಭಾಷೆಯಲ್ಲಿ ಉಳಿಯುತ್ತದೆ.