ಒಬ್ಬರೇ ಎರಡು ಬಾರಿ: ಗಣಕಯಂತ್ರ ಗುರುತಿಸುವುದು ಹೇಗೆ?

ಅಂತರ್ಜಾಲದಲ್ಲಿ ಅರ್ಜಿ ತುಂಬುವಾಗ ‘ಈ ವಿವರ ಈಗಾಗಲೇ ದಾಖಲಾಗಿದೆ’ ಎಂಬ ಸಂದೇಶ ಬರುವುದುಂಟು. ಒಂದೇ ವಿವರ ಎರಡು ಸಲ ಸೇರದಂತೆ ತಡೆಯುವ ಈ ಪರಿಶೀಲನೆ ಮೂರು ಹಂತಗಳಲ್ಲಿ ನಡೆಯುತ್ತದೆ.

ಮೊದಲನೆಯದು ಅರ್ಜಿಯ ಪುಟದಲ್ಲೇ. ಕುಟುಂಬದ ಸದಸ್ಯರ ವಿವರದಲ್ಲಿ ಒಂದೇ ಆಧಾರ್ ಸಂಖ್ಯೆ ಎರಡು ಸಾಲುಗಳಲ್ಲಿ ಬಂದರೆ ಜಾವಾಸ್ಕ್ರಿಪ್ಟ್ ಕೂಡಲೇ ಎಚ್ಚರಿಸುತ್ತದೆ. ಇದರಿಂದ ಸಮಯ ಉಳಿಯುತ್ತದೆ. ಆದರೆ ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ನಿಲ್ಲಿಸಿದರೆ ಈ ತಡೆ ಇರುವುದಿಲ್ಲ. ಎರಡನೆಯದು ಸರ್ವರ್‌ನಲ್ಲಿ. ಸಂಖ್ಯೆಯ ನಡುವಿನ ಖಾಲಿ ಜಾಗ ತೆಗೆದು, ಹಳೆಯ ದಾಖಲೆಗಳಲ್ಲಿ ಅದು ಇದೆಯೇ ಎಂದು ಹುಡುಕಲಾಗುತ್ತದೆ. ಒಂದೇ ಕ್ಷಣದಲ್ಲಿ ಎರಡು ಅರ್ಜಿ ಬಂದರೆ ಎರಡಕ್ಕೂ ‘ಇಲ್ಲ’ ಎಂಬ ಉತ್ತರ ಸಿಗಬಹುದು. ಆದ್ದರಿಂದ ಮೂರನೆಯದಾಗಿ ಡೇಟಾಬೇಸ್‌ನಲ್ಲೇ ‘ಯೂನಿಕ್’ ನಿಯಮ ಇರಬೇಕು. ಆಗ ಎರಡನೇ ದಾಖಲೆ ಒಳಗೆ ಸೇರುವುದೇ ಇಲ್ಲ.

ಸಂಖ್ಯೆಗೆ ಹೊಂದುವ ಈ ಕ್ರಮ ಹೆಸರಿಗೆ ಹೊಂದುವುದಿಲ್ಲ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ ಎರಡಕ್ಕೂ ಒಂದೇ. ಹೀಗಾಗಿ ಕನ್ನಡದ ‘ಬಸಪ್ಪ’ ತಮಿಳು ದಾಖಲೆಯ ಮೂಲಕ ಇಂಗ್ಲಿಷಿಗೆ ಹೋಗುವಾಗ ‘ಪಸಪ್ಪ’ ಆಗಬಹುದು. ಗಣಕಯಂತ್ರಕ್ಕೆ ಅವರು ಇಬ್ಬರು! ಬದಲಾಗಿ, ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಅದು ಒಬ್ಬರೆಂದು ಸಂಶಯಿಸಬಹುದು.

ವಿಳಾಸವೂ ಇಂಥದ್ದೇ. ಧರ್ಮಪುರಿ ಜಿಲ್ಲೆ ಸೇಲಂನಿಂದ ಬೇರ್ಪಟ್ಟದ್ದು 1965ರಲ್ಲಿ; ಕೃಷ್ಣಗಿರಿ ಧರ್ಮಪುರಿಯಿಂದ ಬೇರ್ಪಟ್ಟದ್ದು 2004ರಲ್ಲಿ. ಹೊಸೂರು, ತಳಿ ಕಡೆಯ ಒಂದೇ ಹಳ್ಳಿ ಹಳೆಯ ಕಾಗದಪತ್ರಗಳಲ್ಲಿ ಮೂರು ಜಿಲ್ಲೆಗಳ ಹೆಸರಿನಲ್ಲಿ ಸಿಗುತ್ತದೆ.

ಮತದಾರರ ಪಟ್ಟಿಯಲ್ಲಿ ಇದು ಹಕ್ಕಿನ ಪ್ರಶ್ನೆ. 2025ರ ಡಿಸೆಂಬರ್ 19ರಂದು ಪ್ರಕಟವಾದ ತಮಿಳುನಾಡಿನ ಕರಡು ಪಟ್ಟಿಯಿಂದ ಸುಮಾರು 97 ಲಕ್ಷ ಹೆಸರುಗಳನ್ನು ಕೈಬಿಡಲಾಗಿತ್ತು. ಅವುಗಳಲ್ಲಿ ಸುಮಾರು 3.39 ಲಕ್ಷ, ಒಂದಕ್ಕಿಂತ ಹೆಚ್ಚು ಕಡೆ ದಾಖಲಾಗಿದ್ದ ಹೆಸರುಗಳು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಎರಡು ಕ್ಷೇತ್ರಗಳಲ್ಲಿ ಇರುವಂತಿಲ್ಲ. ತಳಿಯಿಂದ ಆನೇಕಲ್ಲಿಗೆ ಮದುವೆಯಾಗಿ ಹೋದ ಹೆಣ್ಣುಮಗಳು ಹೊಸ ಮತದಾರಳೆಂದು ನಮೂನೆ 6 ತುಂಬಿದರೆ ಎರಡು ರಾಜ್ಯಗಳಲ್ಲಿ ಹೆಸರು ಉಳಿಯಬಹುದು. ಸ್ಥಳ ಬದಲಾವಣೆಗೆ ನಮೂನೆ 8 ಇದೆ. ತಪ್ಪಾಗಿ ಹೆಸರು ಬಿಟ್ಟುಹೋದವರು ನಮೂನೆ 6ರಲ್ಲಿ ಮತ್ತೆ ಅರ್ಜಿ ಹಾಕಬಹುದು.

ಹೆಸರು ಹೋಲಿದರೆ ಸಂಶಯ ಬರಬಹುದು. ಅಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ವಯಸ್ಸು, ಮನೆ ಸಂಖ್ಯೆ, ಭಾವಚಿತ್ರ ನೋಡಿ ನಿರ್ಧರಿಸಬೇಕಾದವರು ಮನುಷ್ಯರೇ. ಅರ್ಜಿದಾರರು ಎಲ್ಲ ದಾಖಲೆಗಳಲ್ಲೂ ಹೆಸರನ್ನು ಒಂದೇ ರೀತಿ ಬರೆಸಿ, ಸ್ವೀಕೃತಿ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.