ಕೊರಿಯಾದ ಕಿರುತೆರೆಗೆ ಹಿತ್ತಲ ಬಾಗಿಲಿನಿಂದ ಬಂದ ಪ್ರೇಮಕಥೆ

ಗುಂಪಾಗಿ ಮಾಡಬೇಕಾದ ಕಾಲೇಜಿನ ಕೆಲಸವನ್ನು ಒಬ್ಬನೇ ಮಾಡಿ ಮುಗಿಸಿದ ವಿದ್ಯಾರ್ಥಿಯೊಬ್ಬ, ಕೈಜೋಡಿಸದವರ ಹೆಸರುಗಳನ್ನು ಹೊಡೆದುಹಾಕುತ್ತಾನೆ. ಅದರಿಂದಾಗಿ ಹಿರಿಯ ವಿದ್ಯಾರ್ಥಿಯೊಬ್ಬನಿಗೆ ಪದವಿ ಕೈತಪ್ಪುತ್ತದೆ. ಮೊದಲನೆಯವನು ಕಂಪ್ಯೂಟರ್ ವಿಭಾಗದವನು, ನಿಯಮಕ್ಕೆ ಕಟ್ಟುಬಿದ್ದವನು. ಎರಡನೆಯವನು ವಿನ್ಯಾಸ ಕಲೆಯವನು, ಮನಸ್ಸು ಬಂದಂತೆ ನಡೆಯುವವನು. ಜಗಳದಿಂದ ಆರಂಭವಾದ ಇವರ ಪರಿಚಯ ಎಂಟು ಕಂತುಗಳಲ್ಲಿ ಪ್ರೇಮವಾಗಿ ಮಾಗುತ್ತದೆ.

ಇದು ದಕ್ಷಿಣ ಕೊರಿಯಾದ ‘ವಾಚಾ’ ಎಂಬ ಅಂತರ್ಜಾಲ ಪ್ರಸಾರ ಸಂಸ್ಥೆ 2022ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ‘ಸಿಮ್ಯಾಂಟಿಕ್ ಎರರ್’ ಧಾರಾವಾಹಿಯ ಕಥೆ. ಅದಕ್ಕೆ ದೊರೆತ ಜನಪ್ರಿಯತೆ ಎಷ್ಟಿತ್ತೆಂದರೆ, ಅದೇ ವರ್ಷದ ಆಗಸ್ಟ್‌ನಲ್ಲಿ ಅದನ್ನು ಚಲನಚಿತ್ರದ ರೂಪದಲ್ಲಿ ಚಿತ್ರಮಂದಿರಗಳಿಗೂ ತರಲಾಯಿತು.

ಪ್ರೇಮಿಗಳಿಬ್ಬರೂ ಹುಡುಗರು. ಹಾಗಿದ್ದರೂ ಈ ಕಥೆಯಲ್ಲಿ ಕಾನೂನು, ಧರ್ಮ, ಸಮಾಜಗಳ ಅಡ್ಡಿಯ ಮಾತು ಬಹುಮಟ್ಟಿಗೆ ಬರುವುದೇ ಇಲ್ಲ. ಅಡ್ಡಿ ಇರುವುದು ಇಬ್ಬರ ಸ್ವಭಾವದಲ್ಲಿ ಮಾತ್ರ. ಕೊರಿಯಾದ ನಿಜ ಬದುಕು ಇಷ್ಟು ಸರಳವಾಗಿದೆಯೆ? ಈ ಬಗೆಯ ಕಥೆಗಳು ಅಲ್ಲಿಗೆ ಬಂದ ದಾರಿಯನ್ನು ನೋಡಿದರೆ ಉತ್ತರ ತಿಳಿಯುತ್ತದೆ.

ಹುಡುಗರಿಬ್ಬರ ಪ್ರೇಮವನ್ನು ಹೇಳುವ ಈ ಪ್ರಕಾರಕ್ಕೆ ‘ಬಾಯ್ಸ್ ಲವ್’, ಸಂಕ್ಷೇಪವಾಗಿ ಬಿ.ಎಲ್., ಎಂಬ ಹೆಸರಿದೆ. ಇದರ ತವರು ಜಪಾನ್. 1970ರ ದಶಕದಲ್ಲಿ ಮೋಟೊ ಹಾಗಿಯೊ, ಕೆಯಿಕೊ ತಾಕೆಮಿಯಾ ಮುಂತಾದ ಲೇಖಕಿಯರು ಹುಡುಗಿಯರ ಚಿತ್ರಕಥಾ ಪತ್ರಿಕೆಗಳಲ್ಲಿ ಇಂಥ ಕಥೆಗಳನ್ನು ಬರೆದರು. ಬರೆದವರೂ ಓದಿದವರೂ ಹೆಚ್ಚಾಗಿ ಹೆಂಗಸರೇ. ‘ಹೆಣ್ಣು ಹೀಗಿರಬೇಕು’ ಎಂಬ ಕಟ್ಟಳೆಯಿಲ್ಲದ ಪ್ರೇಮವೊಂದನ್ನು ಕಲ್ಪಿಸಿಕೊಳ್ಳಲು ಅವರಿಗೆ ಇಲ್ಲಿ ಅವಕಾಶ ಸಿಕ್ಕಿತು.

1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿ ನೊಂದ ಕೊರಿಯಾ, 1998ರವರೆಗೂ ಜಪಾನಿನ ಜನಪ್ರಿಯ ಸಂಸ್ಕೃತಿಗೆ ಬಾಗಿಲು ಮುಚ್ಚಿತ್ತು. ಆದರೂ ಕಳ್ಳಪ್ರತಿಗಳ ಮೂಲಕ ಈ ಕಥೆಗಳು ಕೈಯಿಂದ ಕೈಗೆ ಸಾಗಿದವು. 1990ರ ದಶಕದ ಕೊನೆಯಲ್ಲಿ ಪಾಪ್ ಗಾಯಕರ ತಂಡಗಳ ಅಭಿಮಾನಿ ಹುಡುಗಿಯರು ತಮ್ಮ ಮೆಚ್ಚಿನ ಗಾಯಕರನ್ನೇ ಜೋಡಿ ಮಾಡಿ ಕಥೆ ಕಟ್ಟತೊಡಗಿದರು. ಮುಂದೆ ಇದೇ ಅಂತರ್ಜಾಲ ಕಾದಂಬರಿಗಳ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ‘ಸಿಮ್ಯಾಂಟಿಕ್ ಎರರ್’ ಕೂಡ ಅಂಥದೊಂದು ಕಾದಂಬರಿಯನ್ನು ಆಧರಿಸಿದ್ದು.

ಹೀಗೆ ಮರೆಯಲ್ಲಿ ಕಥೆಗಳು ಬೆಳೆಯುತ್ತಿದ್ದಾಗ ನಿಜವಾದ ಸಲಿಂಗ ಪ್ರೇಮಿಗಳ ಪಾಡು ಬೇರೆಯೇ ಆಗಿತ್ತು. 2000ದಲ್ಲಿ ಹಾಂಗ್ ಸೊಕ್-ಚನ್ ಎಂಬ ಜನಪ್ರಿಯ ನಟ ತಾನು ಸಲಿಂಗ ಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡರು. ಅವರನ್ನು ಮಕ್ಕಳ ಕಾರ್ಯಕ್ರಮದಿಂದ ಕೈಬಿಡಲಾಯಿತು. ಕಿರುತೆರೆಯ ಅವಕಾಶಗಳು ಬತ್ತಿಹೋದವು. ಕಿರಿಯರಿಗೆ ಹಾನಿಕರವಾದ ವಿಷಯಗಳ ಸರಕಾರಿ ಪಟ್ಟಿಯಲ್ಲಿ ಸಲಿಂಗ ಪ್ರೇಮವೂ ಇತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಶಿಫಾರಸಿನ ಮೇಲೆ 2004ರಲ್ಲಿ ಅದನ್ನು ತೆಗೆದುಹಾಕಲಾಯಿತು.

ಚರಿತ್ರೆಯ ವೇಷ ತೊಟ್ಟು ಬಂದಾಗ ಮಾತ್ರ ಜನ ಈ ವಸ್ತುವನ್ನು ಸುಲಭವಾಗಿ ಒಪ್ಪಿದರು. 2005ರ ಕೊನೆಗೆ ತೆರೆಕಂಡ ‘ದಿ ಕಿಂಗ್ ಅಂಡ್ ದಿ ಕ್ಲೌನ್’ ಚಿತ್ರದಲ್ಲಿ, ಊರೂರು ತಿರುಗುವ ಮೇಳದ ಸ್ತ್ರೀ ಪಾತ್ರಧಾರಿಯೊಬ್ಬನಿಗೆ ದೊರೆ ಯೊನ್ಸಾನ್ ಮನಸೋಲುತ್ತಾನೆ. ಗಂಡಸರೇ ತುಂಬಿದ್ದ ಇಂಥ ಮೇಳಗಳು ಜೋಸನ್ ರಾಜರ ಕಾಲದಲ್ಲಿ ನಿಜವಾಗಿಯೂ ಇದ್ದವು. ಈ ಚಿತ್ರವನ್ನು 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು.

ಅದೇ ಪ್ರೇಮ ವರ್ತಮಾನದ ಮನೆಯೊಳಗೆ ಕಾಲಿಟ್ಟಾಗ ಗದ್ದಲವೆದ್ದಿತು. ಹಿರಿಯ ಲೇಖಕಿ ಕಿಮ್ ಸೂ-ಹ್ಯುನ್ ಬರೆದ ‘ಲೈಫ್ ಈಸ್ ಬ್ಯೂಟಿಫುಲ್’ 2010ರಲ್ಲಿ ಎಸ್‌ಬಿಎಸ್ ವಾಹಿನಿಯಲ್ಲಿ ಪ್ರಸಾರವಾಯಿತು. ತುಂಬು ಸಂಸಾರದ ಹಿರಿಮಗನೇ ಸಲಿಂಗ ಪ್ರೇಮಿಯಾಗಿದ್ದ ಈ ಧಾರಾವಾಹಿಯನ್ನು ಖಂಡಿಸಿ ಕೆಲವು ಸಂಘಟನೆಗಳು ಪತ್ರಿಕೆಯಲ್ಲಿ ಜಾಹೀರಾತನ್ನೇ ಕೊಟ್ಟವು. 2015ರಲ್ಲಿ ಮತ್ತೊಂದು ವಾಹಿನಿ ಶಾಲಾ ಹುಡುಗಿಯರಿಬ್ಬರ ಚುಂಬನದ ದೃಶ್ಯ ತೋರಿಸಿದ್ದಕ್ಕೆ ಪ್ರಸಾರ ಪರಿಶೀಲನಾ ಸಂಸ್ಥೆಯಿಂದ ಎಚ್ಚರಿಕೆ ಪಡೆಯಿತು.

ಆದ್ದರಿಂದಲೇ ಬಿ.ಎಲ್. ಕಥೆಗಳು ಹೆಬ್ಬಾಗಿಲನ್ನು ತಟ್ಟದೆ ಹಿತ್ತಲ ಬಾಗಿಲಿನಿಂದ ಬಂದವು. 2020ರ ‘ವೇರ್ ಯುವರ್ ಐಸ್ ಲಿಂಗರ್’ ಈ ಪ್ರಕಾರದ ಮೊದಲ ಕೊರಿಯನ್ ಧಾರಾವಾಹಿಯೆಂದು ಹೆಸರಾಗಿದೆ. ಹ್ವಾಂಗ್ ದಾ-ಸುಲ್ ಎಂಬ ನಿರ್ದೇಶಕಿ ರೂಪಿಸಿದ ಇದರ ಕಂತುಗಳು ಮೊಬೈಲಿನಲ್ಲಿ ನೋಡಿ ಮುಗಿಸುವಷ್ಟು ಚಿಕ್ಕವು. ಶ್ರೀಮಂತ ಮನೆತನದ ಹುಡುಗ, ಅವನ ಅಂಗರಕ್ಷಕನಾದ ಗೆಳೆಯ: ಕಥೆ ಇಷ್ಟೆ. ಅಂತರ್ಜಾಲ ಪ್ರಸಾರಕ್ಕೆ ವಾಹಿನಿಗಳ ಮೇಲಿನಷ್ಟು ಬಿಗಿಯಿರಲಿಲ್ಲ. ಜಾಹೀರಾತುದಾರರ ಮುನಿಸಿನ ಭಯವೂ ಕಡಿಮೆ. ಅದೇ ವರ್ಷ ಥಾಯ್ಲೆಂಡಿನ ‘2ಗೆದರ್’ ಧಾರಾವಾಹಿ ಹಲವು ದೇಶಗಳಲ್ಲಿ ಮನೆಮಾತಾಗಿ, ಇಂಥ ಕಥೆಗಳಿಗೆ ಹೊರನಾಡಿನಲ್ಲಿ ಮಾರುಕಟ್ಟೆಯಿದೆಯೆಂದು ತೋರಿಸಿಕೊಟ್ಟಿತ್ತು.

ಬಾಗಿಲೇನೋ ತೆರೆಯಿತು. ಆದರೆ ತೆರೆಯ ಮೇಲಿನ ಸಲೀಸು ಕಾನೂನಿನಲ್ಲಿ ಕಾಣಲಿಲ್ಲ. ಕೊರಿಯಾದಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆಯಿಲ್ಲ. ತಾರತಮ್ಯವನ್ನು ಸಮಗ್ರವಾಗಿ ನಿಷೇಧಿಸುವ ಮಸೂದೆ 2007ರಿಂದ ಮತ್ತೆ ಮತ್ತೆ ಮಂಡನೆಯಾಗಿಯೂ ಅಂಗೀಕಾರ ಪಡೆದಿಲ್ಲ. ಸೇನೆಯಲ್ಲಿರುವ ಗಂಡಸರ ನಡುವಿನ ದೈಹಿಕ ಸಂಬಂಧಕ್ಕೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸುವ ಸೇನಾ ಕಾನೂನಿನ ವಿಧಿಯನ್ನು ಸಾಂವಿಧಾನಿಕ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿಯಿತು. ಗಂಡುಮಕ್ಕಳಿಗೆ ಸೇನಾ ಸೇವೆ ಕಡ್ಡಾಯವಾಗಿರುವ ನಾಡು ಅದು. ‘ಸಿಮ್ಯಾಂಟಿಕ್ ಎರರ್’ನಂಥ ಕಥೆಗಳ ಕಾಲೇಜು ಹುಡುಗರು ನಿಜವಾಗಿ ಇದ್ದರೆ ಅವರೂ ಅಲ್ಲಿಗೆ ಹೋಗಲೇಬೇಕು.

ಈ ಕಥೆಗಳು ನೋವನ್ನು ಮರೆಮಾಚುತ್ತವೆ ಎಂಬ ಟೀಕೆ ಹುಟ್ಟುವುದು ಇಲ್ಲಿಯೇ. ಟೀಕೆಯಲ್ಲಿ ಹುರುಳಿದೆ. ಆದರೆ ಕಳಂಕವಿಲ್ಲದ ಪ್ರೇಮವೊಂದನ್ನು ಎಂಟು ಕಂತು ನೋಡಿದ ಹದಿಹರೆಯದವರಿಗೆ, ಅದು ಹಾನಿಕರ ವಸ್ತುಗಳ ಪಟ್ಟಿಗೆ ಸೇರಬೇಕಾದದ್ದೆಂದು ನಂಬಿಸುವುದು ಮೊದಲಿನಷ್ಟು ಸುಲಭವಲ್ಲ ಎಂಬುದೂ ಅಷ್ಟೇ ನಿಜ.

2024ರ ಅಕ್ಟೋಬರ್‌ನಲ್ಲಿ ಬಂದ ‘ಲವ್ ಇನ್ ದಿ ಬಿಗ್ ಸಿಟಿ’ ಈ ದಾರಿಯಲ್ಲಿ ಇನ್ನೊಂದು ಹೆಜ್ಜೆ. ಪಾರ್ಕ್ ಸಾಂಗ್-ಯಂಗ್ ಅವರ 2019ರ ಕಾದಂಬರಿಯನ್ನು ಆಧರಿಸಿದ ಇದರಲ್ಲಿ ಕಾಯಿಲೆ ಬಿದ್ದ ದೈವಭಕ್ತ ತಾಯಿ, ಸೇನೆ, ಎಚ್‌ಐವಿ ಎಲ್ಲವೂ ಇವೆ. ಬಿಡುಗಡೆಗೆ ಮುನ್ನ ವಿರೋಧ ಎದ್ದು ತುಣುಕು ಚಿತ್ರಗಳನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆದರೆ ಎಂಟು ಕಂತುಗಳೂ ಪ್ರೇಕ್ಷಕರನ್ನು ತಲುಪಿದವು.

ಅದಕ್ಕೆ ಮೂರು ತಿಂಗಳ ಹಿಂದೆ, ಜುಲೈ 18ರಂದು, ಕೊರಿಯಾದ ಸುಪ್ರೀಂ ಕೋರ್ಟು ಮಹತ್ವದ ತೀರ್ಪು ನೀಡಿತ್ತು. ಸಲಿಂಗ ಸಂಗಾತಿಯನ್ನೂ ರಾಷ್ಟ್ರೀಯ ಆರೋಗ್ಯ ವಿಮೆಯಲ್ಲಿ ಅವಲಂಬಿತನೆಂದು ಪರಿಗಣಿಸಬೇಕು ಎಂಬುದು ಅದರ ಸಾರ. ಮದುವೆಯ ಹಕ್ಕು ಅದರಿಂದ ಸಿಗಲಿಲ್ಲ. ಆದರೆ ಧಾರಾವಾಹಿಗಳು ‘ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ಮಾತಿಗೆ ಮುಗಿದುಹೋಗುತ್ತವೆ. ಆಮೇಲೂ ಒಟ್ಟಿಗೆ ಬಾಳುವ ಇಬ್ಬರಿಗೆ ಆಸ್ಪತ್ರೆಯ ಖರ್ಚು ಬಂದೇ ಬರುತ್ತದೆ. ಆ ಹೊತ್ತಿಗೆ ಬೇಕಾದ ಒಂದು ಕಾಗದ ಅವರ ಕೈಗೆ ಬಂದಂತಾಯಿತು.