ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರ ಬಂದರೆ ಹಾರ್ಡ್ ಡಿಸ್ಕ್ ಹೋಯಿತೆಂದೇ? ಫಾರ್ಮ್ಯಾಟ್ ಮಾಡಿಸುವ ಮುನ್ನ ಇದನ್ನು ಓದಿ

ಲ್ಯಾಪ್‌ಟಾಪ್ ಆನ್ ಮಾಡಿದಾಗ ಎಂದಿನ ಚಿತ್ರ ಬರುವುದಿಲ್ಲ. ಬರೀ ಕಪ್ಪು ತೆರೆ, ಎಡಗಡೆ ಮೇಲ್ಗಡೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ, ಅದರ ಮುಂದೆ ಮಿಣುಕುವ ಒಂದು ಗೆರೆ. ಇದರ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿ ನೋಡಿ. ಬರುವ ಉತ್ತರಗಳು ಹೆಚ್ಚುಕಡಿಮೆ ಮೂರೇ: ವೈರಸ್ ಬಂದಿದೆ, ಹಾರ್ಡ್ ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಹೊಡೆಸಿ. ಸಾಮಾನ್ಯವಾಗಿ ಮೊದಲಿನ ಎರಡೂ ನಿಜವಲ್ಲ. ಮೂರನೆಯದನ್ನು ಮಾಡಿಸಿದರೆ ಮಾತ್ರ ನಿಮ್ಮ ಫೈಲುಗಳು ನಿಜಕ್ಕೂ ಹೋಗುತ್ತವೆ.

ಆ ಕಪ್ಪು ತೆರೆಯಲ್ಲಿ ಮಾತನಾಡುತ್ತಿರುವುದು ಬೂಟ್ ಲೋಡರ್ ಎಂಬ ಪುಟ್ಟ ತಂತ್ರಾಂಶ. ನಿಮ್ಮ ಜೇಬಿನಲ್ಲಿರುವ ಫೋನಿನಲ್ಲೂ ಅದರದೇ ಜಾತಿಯ ಒಂದು ಇದೆ. ಅದರ ಹೆಸರಿನಲ್ಲೂ ಫಾರ್ವರ್ಡ್‌ಗಳು ಓಡಾಡುತ್ತವೆ. ಮೊದಲು ಕಂಪ್ಯೂಟರಿನ ವಿಷಯ ನೋಡೋಣ, ಆಮೇಲೆ ಫೋನಿಗೆ ಬರೋಣ.

ಹ್ಯಾಂಡಲ್ ಹೊಡೆಯದೆ ಇಂಜಿನ್ ಹತ್ತುವುದಿಲ್ಲ

ಮಲಪ್ರಭೆಯ ದಂಡೆಯ ಊರುಗಳಲ್ಲಿ ಹಳೆಯ ಡೀಸೆಲ್ ಇಂಜಿನ್ ಚಾಲೂ ಮಾಡಿದ್ದನ್ನು ನೋಡಿದವರಿಗೆ ಈ ವಿಷಯ ಬೇಗ ತಿಳಿಯುತ್ತದೆ. ಇಂಜಿನ್ ಓಡತೊಡಗಿದರೆ ತನ್ನಷ್ಟಕ್ಕೆ ಓಡುತ್ತದೆ, ನೀರೆತ್ತುತ್ತದೆ. ಆದರೆ ನಿಂತ ಇಂಜಿನ್ ತಾನಾಗಿ ಓಡತೊಡಗುವುದಿಲ್ಲ. ಮೇಲಿನ ಲಿವರ್ ಎತ್ತಿ, ಹ್ಯಾಂಡಲ್ ಸಿಗಿಸಿ, ಜೋರಾಗಿ ತಿರುವಿ, ಲಿವರ್ ಬಿಡಬೇಕು. ಇಂಜಿನ್ ಹತ್ತಿದ ಮೇಲೆ ಹ್ಯಾಂಡಲಿಗೆ ಕೆಲಸವಿಲ್ಲ, ತೆಗೆದು ಬದಿಗಿಡುತ್ತಾರೆ.

ಕಂಪ್ಯೂಟರಿನಲ್ಲಿ ಆ ಇಂಜಿನ್ ಎಂದರೆ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಮೆಮೊರಿ, ಡಿಸ್ಕ್, ತೆರೆ, ಕೀಬೋರ್ಡ್ ಎಲ್ಲದರ ಮೇಲೂ ಅದರದೇ ಯಜಮಾನಿಕೆ. ಆದರೆ ಕರೆಂಟ್ ಬಂದ ಕ್ಷಣದಲ್ಲಿ ಅದು ಡಿಸ್ಕಿನಲ್ಲಿ ಮಲಗಿರುವ ಒಂದು ಫೈಲ್ ಅಷ್ಟೆ. ಅದನ್ನು ಹುಡುಕಿ, ಮೆಮೊರಿಗೆ ತಂದು, ಆರಂಭದಲ್ಲಿ ಬೇಕಾಗುವ ಡ್ರೈವರ್‌ಗಳ ಸಣ್ಣ ಗಂಟೊಂದನ್ನು ಜೊತೆಗಿಟ್ಟು, ಕಿವಿಯಲ್ಲಿ ನಾಲ್ಕು ಮಾತು ಹೇಳಿ ಎಬ್ಬಿಸುವುದು ಬೂಟ್ ಲೋಡರ್. ಕರ್ನೆಲ್ ಎದ್ದ ಮೇಲೆ ಬೂಟ್ ಲೋಡರ್ ಆಟದಲ್ಲಿ ಇರುವುದಿಲ್ಲ.

ಹಾಗಾದರೆ ಬೂಟ್ ಲೋಡರನ್ನು ಎಬ್ಬಿಸುವವರು ಯಾರು? ಮದರ್‌ಬೋರ್ಡಿನ ಮೇಲೆ ಒಂದು ಚಿಪ್‌ನಲ್ಲಿ ಶಾಶ್ವತವಾಗಿ ಕುಳಿತಿರುವ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯಾಸ್ ಎಂದು ಹೆಸರು, ಹೊಸದರಲ್ಲಿ ಯುಇಎಫ್‌ಐ. ಬಯಾಸ್ ಕಾಲದ ಡಿಸ್ಕುಗಳಲ್ಲಿ ಮೊದಲ 512 ಬೈಟ್‌ಗಳಲ್ಲೇ ಬೂಟ್ ಲೋಡರ್ ಶುರುವಾಗಬೇಕಿತ್ತು. ಅದರಲ್ಲೂ ಪಾರ್ಟಿಶನ್ ಪಟ್ಟಿಗೆ ಜಾಗ ಕೊಟ್ಟು ಉಳಿಯುತ್ತಿದ್ದುದು 446 ಬೈಟ್ ಮಾತ್ರ. ಈ ಪ್ಯಾರಾವನ್ನು ಕನ್ನಡದಲ್ಲಿ ಉಳಿಸಲೂ ಅಷ್ಟು ಜಾಗ ಸಾಲದು! ಹಾಗಾಗಿ ಆ ಇಕ್ಕಟ್ಟಿನಲ್ಲಿ ಕುಳಿತ ತುಣುಕು ಡಿಸ್ಕಿನ ಬೇರೆಡೆ ಇರುವ ತನ್ನ ಉಳಿದ ಭಾಗವನ್ನು ಎಳೆದು ತಂದು, ಆಮೇಲೆ ಕರ್ನೆಲ್ ಹುಡುಕುತ್ತದೆ.

ಲಿನಕ್ಸ್ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಬೂಟ್ ಲೋಡರ್ ಗ್ರಬ್. 1995ರಲ್ಲಿ ಎರಿಕ್ ಬೊಲೇನ್ ಬರೆಯತೊಡಗಿದ ಇದು 1999ರಲ್ಲಿ ಗ್ನೂ ಯೋಜನೆಯ ಭಾಗವಾಯಿತು. ನಮ್ಮಲ್ಲಿ ಇದನ್ನು ಯಾರು ನೋಡಿದ್ದಾರೆ ಎನ್ನುವಿರಾ? ಬೈಲಹೊಂಗಲ, ಸವದತ್ತಿ ಕಡೆಯ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರನ್ನು ಕೇಳಿ. ಟಾಲ್ಪ್ ತರಬೇತಿಗೆ ಹೋದವರಿಗೆ ಉಬುಂಟು ಹೊಸದಲ್ಲ. ಇನ್ನು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದೇ ಲಿನಕ್ಸ್‌ನಲ್ಲಿ. ಅಲ್ಲಿನ ‘ಕೈಟ್’ ಸಂಸ್ಥೆ ಉಬುಂಟುವನ್ನು ಶಾಲೆಗಳಿಗೆ ತಕ್ಕಂತೆ ಬದಲಿಸಿ ಹಂಚುತ್ತದೆ. 2024ರಲ್ಲಿ ಬಂದ ಅದರ ಆವೃತ್ತಿಗೆ ಉಬುಂಟು 22.04 ಆಧಾರ.

ಕರ್ನೆಲ್ಲಿನ ಕಿವಿಯಲ್ಲಿ ಹೇಳುವ ಮಾತು

ಗ್ರಬ್‌ನ ಮೆನುವಿನಲ್ಲಿ ಕಾಣುವ ಪ್ರತಿ ಸಾಲಿನ ಹಿಂದೆ ಒಂದು ಪುಟ್ಟ ಚೀಟಿ ಇರುತ್ತದೆ. ಯಾವ ಕರ್ನೆಲ್ ಫೈಲ್ ತೆಗೆದುಕೊಳ್ಳಬೇಕು, ಅದಕ್ಕೆ ಏನು ಹೇಳಬೇಕು ಎಂಬ ಚೀಟಿ. ಹೇಳುವ ಮಾತುಗಳಲ್ಲಿ ಮುಖ್ಯವಾದದ್ದು ‘ರೂಟ್’: ನಿನ್ನ ಮನೆ ಡಿಸ್ಕಿನ ಇಂಥ ಭಾಗದಲ್ಲಿದೆ ಎಂಬ ವಿಳಾಸ. ‘ಕ್ವಯಟ್’ ಎಂದರೆ ಏಳುವಾಗ ಗದ್ದಲ ಮಾಡಬೇಡ, ‘ಸ್ಪ್ಲ್ಯಾಶ್’ ಎಂದರೆ ಅಕ್ಷರಗಳ ಬದಲು ಚಿತ್ರ ತೋರಿಸು. ಲ್ಯಾಪ್‌ಟಾಪ್ ಲೋಗೊ ತೋರಿಸಿ ಅಲ್ಲೇ ನಿಂತುಬಿಟ್ಟರೆ ಈ ಎರಡು ಪದಗಳನ್ನು ತೆಗೆದು ನೋಡಬೇಕು. ಕರ್ನೆಲ್ ಆಗ ಒಂದೊಂದೇ ಕೆಲಸ ಹೇಳುತ್ತ ಏಳುತ್ತದೆ, ಎಲ್ಲಿ ಎಡವಿತು ಎಂಬುದು ಕಣ್ಣಿಗೆ ಕಾಣುತ್ತದೆ.

ಪದೇಪದೇ ಉಪಯೋಗಕ್ಕೆ ಬರುವ ಇನ್ನೊಂದು ಪದ ‘ನೋಮೋಡ್‌ಸೆಟ್’. ಉಬುಂಟು ಹಾಕಿದ ಕೂಡಲೇ ತೆರೆ ಕಪ್ಪಾಗಿ ಉಳಿದರೆ ತಪ್ಪು ಬಹಳ ಸಲ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್‌ನದು. ಈ ಪದ ಹೇಳಿದರೆ ಕರ್ನೆಲ್ ಆ ಡ್ರೈವರಿನ ಉಸಾಬರಿಗೆ ಹೋಗದೆ ಸಾದಾ ತೆರೆಯನ್ನೇ ಬಳಸುತ್ತದೆ. ಒಳಗೆ ಹೋಗಿ ಸರಿಯಾದ ಡ್ರೈವರ್ ಹಾಕಿಕೊಳ್ಳಲು ದಾರಿ ಸಿಗುತ್ತದೆ.

ಇದನ್ನೆಲ್ಲ ಬದಲಿಸುವುದು ಹೇಗೆ? ಆನ್ ಮಾಡಿದ ಕೂಡಲೇ ಎಸ್ಕೇಪ್ ಕೀ ಒತ್ತಿದರೆ, ಹಳೆಯ ಬಯಾಸ್ ಯಂತ್ರವಾದರೆ ಶಿಫ್ಟ್ ಹಿಡಿದರೆ, ಗ್ರಬ್ ಮೆನು ಬರುತ್ತದೆ. ಬೇಕಾದ ಸಾಲಿನ ಮೇಲೆ ನಿಂತು ಇಂಗ್ಲಿಷಿನ ‘ಇ’ ಅಕ್ಷರದ ಕೀ ಒತ್ತಿದರೆ ಚೀಟಿ ತೆರೆಯುತ್ತದೆ. ‘ಲಿನಕ್ಸ್’ ಎಂಬ ಪದದಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ಬೇಕಾದದ್ದನ್ನು ಸೇರಿಸಿ ಎಫ್10 ಒತ್ತಬೇಕು. ಇಲ್ಲಿ ಮಾಡಿದ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ತಪ್ಪು ಬರೆದಿದ್ದರೆ ಆಫ್ ಮಾಡಿ ಆನ್ ಮಾಡಿ, ಚೀಟಿ ಮೊದಲಿನಂತೆಯೇ ಇರುತ್ತದೆ. ಹೆದರುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಖಾಯಂ ಆಗಿ ಬದಲಿಸುವ ಜಾಗ ಬೇರೆ. ‘ಇಟಿಸಿ’ ಫೋಲ್ಡರಿನೊಳಗಿನ ‘ಡಿಫಾಲ್ಟ್’ ಫೋಲ್ಡರಿನಲ್ಲಿ ‘ಗ್ರಬ್’ ಹೆಸರಿನ ಫೈಲ್ ಇರುತ್ತದೆ. ಮೆನು ಎಷ್ಟು ಸೆಕೆಂಡು ಕಾಯಬೇಕು, ಯಾರೂ ಏನೂ ಒತ್ತದಿದ್ದರೆ ಯಾವುದು ಶುರುವಾಗಬೇಕು, ಕರ್ನೆಲ್ಲಿಗೆ ಪ್ರತಿ ಸಲ ಏನು ಹೇಳಬೇಕು ಎಂಬುದೆಲ್ಲ ಅಲ್ಲಿದೆ. ಎಣಿಕೆ ಸೊನ್ನೆಯಿಂದ ಶುರು ಎಂಬುದು ನೆನಪಿರಲಿ. ಮೆನುವಿನ ಮೊದಲ ಸಾಲು 0, ಎರಡನೆಯದು 1. ಫೈಲ್ ಉಳಿಸಿದರೆ ಸಾಲದು, ಟರ್ಮಿನಲ್‌ನಲ್ಲಿ ‘ಸೂಡೊ ಅಪ್‌ಡೇಟ್-ಗ್ರಬ್’ ಆಜ್ಞೆ ಕೊಡಬೇಕು. ಆಗ ಗ್ರಬ್ ನಿಜವಾಗಿ ಓದುವ ಫೈಲ್ ಹೊಸದಾಗಿ ತಯಾರಾಗುತ್ತದೆ. ‘ಬೂಟ್’ ಫೋಲ್ಡರಿನ ಆ ಫೈಲನ್ನೇ ನೇರವಾಗಿ ತಿದ್ದಿ ಎನ್ನುವ ವಿಡಿಯೊಗಳು ಬೇಕಾದಷ್ಟಿವೆ. ಅವನ್ನು ನಂಬಬೇಡಿ. ಮುಂದಿನ ಕರ್ನೆಲ್ ಅಪ್‌ಡೇಟ್ ಬಂದಾಗ ನೀವು ತಿದ್ದಿದ್ದು ಅಳಿಸಿಹೋಗುತ್ತದೆ.

ಅಪ್‌ಡೇಟ್ ಆದ ಮೇಲೆ ಉಬುಂಟು ಏಳುತ್ತಲೇ ಇಲ್ಲವೆಂದರೆ ಮೆನುವಿನ ‘ಅಡ್ವಾನ್ಸ್‌ಡ್ ಆಪ್ಶನ್ಸ್’ ಒಳಗೆ ಹೋಗಿ. ಹಿಂದಿನ ಕರ್ನೆಲ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದನ್ನು ಆರಿಸಿ ಕೆಲಸ ಮುಂದುವರಿಸಬಹುದು.

‘ವಿಂಡೋಸ್ ಅಳಿಸಿಹೋಯಿತು’ ಎಂಬ ಗಾಬರಿ

ರಾಮದುರ್ಗ ಕಡೆಯ ಪರಿಚಯದ ಶಿಕ್ಷಕರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಉಬುಂಟು ಎರಡೂ ಇದ್ದವು. ಜಾಗ ಸಾಲದೆಂದು ಮನೆಯ ಹುಡುಗ ವಿಂಡೋಸಿನೊಳಗಿಂದಲೇ ಉಬುಂಟುವಿನ ಪಾರ್ಟಿಶನ್ ಅಳಿಸಿದ್ದ. ಮರುದಿನ ತೆರೆಯ ಮೇಲೆ ಬಂದದ್ದು ‘ಗ್ರಬ್ ರೆಸ್ಕ್ಯೂ’. ಅಂಗಡಿಯವನು ನೋಡಿ, “ಡಿಸ್ಕ್ ಹೋಗೇತ್ರಿ ಸರ, ಫಾರ್ಮ್ಯಾಟ್ ಹೊಡೀಬೇಕಾಗ್ತೈತಿ” ಎಂದ. ಒಳಗೆ ಹತ್ತನೆಯ ತರಗತಿಯ ಆಂತರಿಕ ಅಂಕಗಳಿದ್ದವು, ತೀರಿಕೊಂಡ ತಾಯಿಯ ಫೋಟೊಗಳಿದ್ದವು. ಬೇರೆಡೆ ಪ್ರತಿ ಇರಲಿಲ್ಲ.

ಡಿಸ್ಕಿಗೆ ಏನೂ ಆಗಿರಲಿಲ್ಲ. ಮೇಲೆ ಹೇಳಿದ 446 ಬೈಟ್‌ಗಳ ತುಣುಕು ಮೊದಲ ಜಾಗದಲ್ಲೇ ಕುಳಿತಿತ್ತು. ಅದು ಎಳೆದು ತರಬೇಕಾದ ಉಳಿದ ಭಾಗ ಮಾತ್ರ ಅಳಿಸಿದ ಪಾರ್ಟಿಶನ್ ಜೊತೆ ಹೋಗಿತ್ತು. ತನ್ನ ದೇಹ ಕಾಣದೆ ಗ್ರಬ್ ಅಲ್ಲೇ ನಿಂತು ಸಹಾಯ ಕೇಳುತ್ತಿತ್ತು. ವಿಂಡೋಸ್, ಅಂಕಗಳು, ಫೋಟೊಗಳು ಎಲ್ಲ ಇದ್ದ ಜಾಗದಲ್ಲೇ ಇದ್ದವು. ವಿಂಡೋಸಿನ ಇನ್‌ಸ್ಟಾಲೇಶನ್ ಪೆನ್‌ಡ್ರೈವ್ ಹಾಕಿ, ಅದರ ರಿಪೇರಿ ವಿಭಾಗದಿಂದ ವಿಂಡೋಸಿನ ಸ್ವಂತ ಬೂಟ್ ಕೋಡ್ ಮತ್ತೆ ಬರೆಸಿದಾಗ ಲ್ಯಾಪ್‌ಟಾಪ್ ಎದ್ದಿತು. ಹೊಸ ಯುಇಎಫ್‌ಐ ಯಂತ್ರವಾದರೆ ಇನ್ನೂ ಸುಲಭ: ಸೆಟಪ್ ಒಳಗೆ ಹೋಗಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಪಟ್ಟಿಯ ಮೇಲಕ್ಕೆ ತಂದರೆ ಬಹಳ ಸಲ ಸಾಕು.

ಡಿಸ್ಕ್ ನಿಜವಾಗಿ ಕೆಟ್ಟಾಗಲೂ ಇದೇ ತೆರೆ ಬರಬಹುದು. ವ್ಯತ್ಯಾಸ ತಿಳಿಯಲು ಉಬುಂಟುವಿನ ಲೈವ್ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ ಡಿಸ್ಕ್ ತೆರೆದು ನೋಡಿ. ‘ಟ್ರೈ’ ಆರಿಸಬೇಕು, ‘ಇನ್‌ಸ್ಟಾಲ್’ ಅಲ್ಲ. ಫೈಲುಗಳು ಕಂಡರೆ ಮೊದಲು ಅವನ್ನು ಬೇರೆಡೆ ನಕಲು ಮಾಡಿಕೊಳ್ಳಿ. ರಿಪೇರಿಯ ಮಾತು ಆಮೇಲೆ.

ಗ್ರಬ್ ಮೆನುವಿನಿಂದ ವಿಂಡೋಸ್ ಹೆಸರು ಮಾಯವಾಗುವುದು ಬೇರೆಯೇ ಕಥೆ. ಪಕ್ಕದ ಆಪರೇಟಿಂಗ್ ಸಿಸ್ಟಮ್‌ಗಳನ್ನು ಹುಡುಕಿ ಪಟ್ಟಿಗೆ ಸೇರಿಸುವ ಕೆಲಸವನ್ನು 2021ರ ಗ್ರಬ್ 2.06 ಆವೃತ್ತಿಯಿಂದ, ಸುರಕ್ಷತೆಯ ಕಾರಣಕ್ಕೆ, ಮೂಲ ಸೆಟ್ಟಿಂಗ್‌ನಲ್ಲೇ ನಿಲ್ಲಿಸಲಾಗಿದೆ. ವಿಂಡೋಸ್ ಎಲ್ಲಿಗೂ ಹೋಗಿರುವುದಿಲ್ಲ. ಅದೇ ‘ಗ್ರಬ್’ ಫೈಲಿನಲ್ಲಿ ಒಎಸ್-ಪ್ರೋಬರ್ ಕುರಿತ ಸಾಲನ್ನು ‘ಫಾಲ್ಸ್’ ಮಾಡಿ, ಅಪ್‌ಡೇಟ್-ಗ್ರಬ್ ಕೊಟ್ಟರೆ ವಾಪಸ್ ಬರುತ್ತದೆ. ‘ನಿಲ್ಲಿಸು’ ಎಂಬುದಕ್ಕೆ ‘ಇಲ್ಲ’ ಎನ್ನುವ ಸಾಲು ಅದು, ಗೊಂದಲವಾಗುವುದು ಸಹಜ.

ತಪ್ಪು ಬಳಕೆದಾರರದೇ ಇರಬೇಕೆಂದೂ ಇಲ್ಲ. 2024ರ ಆಗಸ್ಟ್ 13ರಂದು ಮೈಕ್ರೋಸಾಫ್ಟ್ ಬಿಟ್ಟ ಸುರಕ್ಷಾ ಅಪ್‌ಡೇಟ್‌ನ ನಂತರ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದ ಅನೇಕ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಏಳಲಿಲ್ಲ. ಏನೋ ಗಂಭೀರ ತೊಂದರೆಯಾಗಿದೆ ಎಂಬ ಸಂದೇಶ ತೋರಿಸಿ ಯಂತ್ರ ನಿಂತುಬಿಡುತ್ತಿತ್ತು. ಹಳೆಯ, ದೋಷವಿರುವ ಬೂಟ್ ಲೋಡರ್‌ಗಳನ್ನು ತಡೆಯಲು ಮಾಡಿದ ಏರ್ಪಾಡು ಸಾಮಾನ್ಯ ಬಳಕೆದಾರರನ್ನೂ ತಡೆದಿತ್ತು.

28 ಸಲ ಬ್ಯಾಕ್‌ಸ್ಪೇಸ್: ಸುಳ್ಳಿನಂತೆ ಕಾಣುವ ನಿಜ

ಬ್ಯಾಕ್‌ಸ್ಪೇಸ್ ಕೀಯನ್ನು 28 ಸಲ ಒತ್ತಿದರೆ ಕಂಪ್ಯೂಟರಿನ ಬೀಗ ತೆರೆಯುತ್ತದೆ ಎಂದು ಯಾರಾದರೂ ಕಳಿಸಿದರೆ ನೀವು ನಗುತ್ತೀರಿ. ಆದರೆ ಇದು ಒಂದು ಕಾಲಕ್ಕೆ ನಿಜವಾಗಿತ್ತು. 2015ರ ಡಿಸೆಂಬರ್‌ನಲ್ಲಿ ಸ್ಪೇನಿನ ವಲೆನ್ಸಿಯಾದ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇದನ್ನು ತೋರಿಸಿದರು. ಗ್ರಬ್‌ಗೆ ಪಾಸ್‌ವರ್ಡ್ ಹಾಕಿದ್ದರೂ, ಅದು ಹೆಸರು ಕೇಳುವಾಗ 28 ಸಲ ಬ್ಯಾಕ್‌ಸ್ಪೇಸ್ ಒತ್ತಿದರೆ ರೆಸ್ಕ್ಯೂ ತೆರೆಗೆ ಹೋಗಬಹುದಿತ್ತು. 2009ರಿಂದ ಬಂದ ಆವೃತ್ತಿಗಳಲ್ಲಿ ಈ ದೋಷವಿತ್ತು, ಪತ್ತೆಯಾದ ಕೂಡಲೇ ಸರಿಪಡಿಸಿದರು. ಇವತ್ತು ಒತ್ತುತ್ತ ಕುಳಿತರೆ ಬೆರಳು ನೋಯುತ್ತದೆ ಅಷ್ಟೆ.

ಅದಕ್ಕಿಂತ ತಿಳಿದಿರಬೇಕಾದದ್ದು, ಗ್ರಬ್‌ಗೆ ಪಾಸ್‌ವರ್ಡ್ ಇಲ್ಲದಿದ್ದರೆ ಇಂಥ ಚಮತ್ಕಾರವೂ ಬೇಡ. ಕಂಪ್ಯೂಟರ್ ಮುಂದೆ ಕುಳಿತವರು ಚೀಟಿಗೆ ಒಂದು ಮಾತು ಸೇರಿಸಿ, ಲಾಗಿನ್ ಪಾಸ್‌ವರ್ಡ್ ಕೇಳದೆಯೇ ಕರ್ನೆಲ್ ತಮ್ಮನ್ನು ಒಳಗೆ ಬಿಡುವಂತೆ ಮಾಡಬಹುದು. ಲಾಗಿನ್ ಪಾಸ್‌ವರ್ಡ್ ಇದೆ, ಲ್ಯಾಪ್‌ಟಾಪ್ ಕಳುವಾದರೂ ಚಿಂತೆಯಿಲ್ಲ ಎಂಬುದು ತಪ್ಪು ನಂಬಿಕೆ. ಕಳುವಾದ ಯಂತ್ರದಲ್ಲಿ ಫೈಲುಗಳನ್ನು ಕಾಯುವುದು ಡಿಸ್ಕ್ ಎನ್‌ಕ್ರಿಪ್ಶನ್. ಉಬುಂಟು ಹಾಕುವಾಗಲೇ ಅದನ್ನು ಆರಿಸಿಕೊಳ್ಳುವುದು ಸುಲಭ.

ಫೋನಿಗೆ ಬರೋಣ

ಆಂಡ್ರಾಯ್ಡ್ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ. ಇಲ್ಲಿನ ಬೂಟ್ ಲೋಡರ್ ಮೆನು ತೋರಿಸುವುದಿಲ್ಲ, ಬೀಗ ಹಾಕಿಕೊಂಡಿರುತ್ತದೆ. ಕರ್ನೆಲ್ ಫೈಲಿನ ಮೇಲೆ ಫೋನ್ ಕಂಪನಿಯ ಡಿಜಿಟಲ್ ಸಹಿ ಸರಿಯಿದ್ದರೆ ಮಾತ್ರ ಎಬ್ಬಿಸುತ್ತದೆ.

ಪವರ್ ಬಟನ್ ಜೊತೆ ವಾಲ್ಯೂಮ್ ಕಡಿಮೆ ಮಾಡುವ ಬಟನ್ ಅಕಸ್ಮಾತ್ ಒತ್ತಿಹೋದರೆ ಕೆಲವು ಫೋನ್‌ಗಳಲ್ಲಿ ‘ಫಾಸ್ಟ್‌ಬೂಟ್’ ಎಂಬ ತೆರೆ ಬರುತ್ತದೆ. ಕೆಲವು ಶಾವೋಮಿ ಫೋನ್‌ಗಳಲ್ಲಿ ಮೊಲವೊಂದು ರಿಪೇರಿ ಮಾಡುತ್ತಿರುವ ಚಿತ್ರವೂ ಇರುತ್ತದೆ. ಇದು ಹ್ಯಾಕ್ ಅಲ್ಲ, ಬೂಟ್ ಲೋಡರ್ ಕಂಪ್ಯೂಟರಿನಿಂದ ಆಜ್ಞೆ ಬರಲಿ ಎಂದು ಕಾಯುತ್ತಿದೆ. ಪವರ್ ಬಟನ್ ಹದಿನೈದು ಇಪ್ಪತ್ತು ಸೆಕೆಂಡು ಒತ್ತಿ ಹಿಡಿದರೆ ಸಾಮಾನ್ಯವಾಗಿ ಮಾಮೂಲಿನಂತೆ ಶುರುವಾಗುತ್ತದೆ. ಗಾಬರಿಯಲ್ಲಿ ಮಕ್ಕಳ ಕೈಗೆ ಕೊಟ್ಟು, ಅವರು ರಿಕವರಿ ಮೆನುವಿಗೆ ಹೋಗಿ ‘ವೈಪ್ ಡೇಟಾ’ ಒತ್ತಿದರೆ ಮಾತ್ರ ಫೋಟೊಗಳು ಹೋಗುತ್ತವೆ.

ಬೂಟ್ ಲೋಡರ್ ಅನ್‌ಲಾಕ್ ಮಾಡಿದರೆ ಫೋನ್ ವೇಗವಾಗುತ್ತದೆ ಎಂಬ ಮಾತೂ ಓಡಾಡುತ್ತದೆ. ಬೀಗ ತೆಗೆದ ಮಾತ್ರಕ್ಕೆ ವೇಗ ಹೆಚ್ಚುವುದಿಲ್ಲ. ಬೇರೆಯವರು ತಯಾರಿಸಿದ ಕರ್ನೆಲ್ ಹಾಕಲು ದಾರಿಯಾಗುತ್ತದೆ, ಅಷ್ಟೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೆಯ ಫೋನಿಗೆ ಹೊಸ ಆಂಡ್ರಾಯ್ಡ್ ಹಾಕಿಕೊಳ್ಳುವ ತಿಳಿವಳಿಕಸ್ಥರು ಇದನ್ನು ಮಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅನ್‌ಲಾಕ್ ಮಾಡುವಾಗ ಫೋನಿನೊಳಗಿನ ನಿಮ್ಮ ಎಲ್ಲ ಮಾಹಿತಿ ಅಳಿಸಿಹೋಗುತ್ತದೆ. ಆಂಡ್ರಾಯ್ಡ್ ಬೇಕೆಂದೇ ಮಾಡಿರುವ ಏರ್ಪಾಡು ಅದು, ಕದ್ದ ಫೋನಿನ ಬೀಗ ಒಡೆದವನಿಗೆ ನಿಮ್ಮ ಫೋಟೊ ಸಿಗಬಾರದೆಂದು. ಆಮೇಲೆ ಹಲವು ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಆ ಫೋನಿನಲ್ಲಿ ತೆರೆಯಲು ಒಪ್ಪದಿರಬಹುದು.

ಸಂತೆಯಲ್ಲೋ ಪರಿಚಯದವರಿಂದಲೋ ಹಳೆಯ ಫೋನ್ ಕೊಳ್ಳುವಾಗ, ದುಡ್ಡು ಕೊಡುವ ಮುಂಚೆ ನಿಮ್ಮೆದುರೇ ಒಮ್ಮೆ ಆಫ್ ಮಾಡಿ ಆನ್ ಮಾಡಿಸಿ. ಕಂಪನಿಯ ಹೆಸರು ಬರುವ ಹೊತ್ತಿಗೆ ತೆರೆದ ಬೀಗದ ಚಿತ್ರವೋ, ಬೂಟ್ ಲೋಡರ್ ಅನ್‌ಲಾಕ್ ಆಗಿದೆ ಎಂಬ ಎಚ್ಚರಿಕೆಯೋ ಕಂಡರೆ ಆ ಫೋನಿನಲ್ಲಿ ಯಾರು ಬರೆದ ಕರ್ನೆಲ್ ಓಡುತ್ತಿದೆ ಎಂಬುದಕ್ಕೆ ಕಂಪನಿಯ ಖಾತರಿ ಇಲ್ಲ. ಅಂಥ ಫೋನಿನಲ್ಲಿ ಯುಪಿಐ ಪಿನ್ ಒತ್ತಬೇಡಿ.